ಹೊಸತಿನ ಮರುದಿನ

ನಮ್ಮ ಮನೆಯಲ್ಲಿ ಮೀನು ಹೆರೆಯುವವನು ನಾನು, ಸುಳ್ಳು ಹೆರೆಯುವವಳು ನನ್ನ ಹೆಂಡತಿ ರುಕ್ಮಿಣಿ. ಬೈತಖೋಲ ಬಂದರಿನ ಕಸ್ಟಮ್ಸ್‌ನಲ್ಲಿ ನೌಕರಿ ಮಾಡಿ ನಿವೃತ್ತಳಾದವಳು. ಅಂದಿನಿಂದ ಕಾರವಾರದ ಗೋಳೆಲ್ಲ ನಮ್ಮ ಜಗಲಿಗೇ ಬರುತ್ತದೆ. ಆ ಸೋಮವಾರ ಬೆಳಿಗ್ಗೆ ಅಂಕೋಲೆಯ ಕಲಾವತಿ ಅಳುತ್ತ ಬಂದಳು.

"ರುಕ್ಮಿಣಿ ಬಾಯಿ, ಪೈಪೋಟಿಯ ಗೋವಾ ಕಂಪನಿಯವ್ರ ಸಂಗ್ತಿ ಸೇರಿ ನಾನೇ ಬೀಜ ಕೊಂದೆ ಅಂತ್ರು ನಮ್ಮ ಸಾಹೇಬ್ರು. ಪೊಲೀಸ್ರಿಗೆ ಕೊಡ್ತ್ರಂತೆ!"

ಕಲಾವತಿ ಊರಾಚೆಯ ಜೀವವಿಜ್ಞಾನ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಕಾಳಿ ನದಿಯ ಅಳಿವೆಯ ಕೆಸರಿನಲ್ಲಿ ಸಿಕ್ಕ ಸೂಕ್ಷ್ಮಾಣುವಿನಿಂದ ಸಕ್ಕರೆ ಕಾಯಿಲೆಯವರ ಹುಣ್ಣಿಗೆ ಮುಲಾಮು ಮಾಡುವ ಕಂಪನಿ ಅದು. ಆ ಸೂಕ್ಷ್ಮಾಣುವಿನ ಬೀಜವನ್ನು ಡೀಪ್ ಫ್ರೀಜರಿನಲ್ಲಿ ಇಟ್ಟಿದ್ದರು. ಭಾನುವಾರ ರಜೆ ಮುಗಿಸಿ ಬಂದು ನೋಡಿದರೆ ಎಲ್ಲವೂ ಕರಗಿ ಸತ್ತಿತ್ತು. ಕಾರ್ಖಾನೆ ಇಲ್ಲಿ ಕಟ್ಟುವುದೋ ಬೆಂಗಳೂರಿನಲ್ಲೋ ಎಂದು ತೀರ್ಮಾನಿಸುವವರು ಅಂದೇ ಬರುವವರಿದ್ದರು. ಪ್ರಯೋಗಾಲಯದ ಬಾಗಿಲ ಕೀಲಿ ಇದ್ದದ್ದು ಕಲಾವತಿ ಮತ್ತು ನಿರ್ದೇಶಕ ಶ್ರೀಕಾಂತ ಹೆಗಡೆ ಇಬ್ಬರ ಬಳಿ ಮಾತ್ರ.

ಹಿಂದಿನ ದಿನದ ಹೊಸತು ಹಬ್ಬದ ಪಾಯಸ ಉಳಿದಿತ್ತು, ಬಟ್ಟಲು ಮುಂದಿಟ್ಟೆ. ಅವಳು ಕೈ ಹಚ್ಚಲಿಲ್ಲ. "ಅಜ್ಜಿ ಹೋಗೀದ್ಲಲಾ, ಈ ವರ್ಷ ನಮಗೆ ಹಬ್ಬ ಇಲ್ಲ" ಎಂದಳು. ಬಟ್ಟಲು ಒಳಗಿಟ್ಟು ಬಂದೆ, ಮೂವರೂ ಕಂಪನಿಗೆ ಹೊರಟೆವು.

ಕಂಪನಿಯ ಗೇಟಿನಲ್ಲಿ ಹಬ್ಬ ಇನ್ನೂ ಮುಗಿದಿರಲಿಲ್ಲ. ಹೊಸತಿನ ದಿನ ಹೊಸ ಭತ್ತದ ಕದಿರನ್ನು ಮಾವಿನೆಲೆಯೊಂದಿಗೆ ಸೇರಿಸಿ ದುಡಿಯುವ ವಸ್ತುವಿಗೆಲ್ಲ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಕಾವಲಿನ ರಾಮಾ ಗೇಟು, ಪಂಪು, ತನ್ನ ಸೈಕಲ್ಲು ಯಾವುದನ್ನೂ ಬಿಟ್ಟಿರಲಿಲ್ಲ.

"ನಿನ್ನೆ ಬೆಳಿಗ್ಗೆ ಕಟ್ದೆ ಬಾಯಿ. ಹೆಗಡೆ ಸಾಹೇಬ್ರು ಗೇಟಿಗೆ ಬಂದಿದ್ರು, ಕಾರಿಗೆ ಅಂತ ಅವ್ರಿಗೂ ಒಂದು ಕೊಟ್ಟೆ. ಆಮೇಲೆ ನಾ ಹಬ್ಬದ ಊಟಕ್ಕೆ ಮನಿಗೆ ಹೋದೆ."

ಸಾಹೇಬರ ಕಾರು ನೆರಳಿನಲ್ಲಿ ನಿಂತಿತ್ತು. ತೊಳೆದು ಥಳಥಳ, ಒಂದು ಎಲೆಯೂ ಇರಲಿಲ್ಲ. ನಾನು ಅದರ ಬಣ್ಣ ನೋಡಿದೆ. ರುಕ್ಮಿಣಿ ಬೇರೇನೋ ನೋಡಿದಳು.

ಒಳಗೆ ಶ್ರೀಕಾಂತ ಕೆಂಡವಾಗಿದ್ದರು. "ಇದು ವಿಜ್ಞಾನದ ಜಾಗ. ಹೂವು, ಕುಂಕುಮ ಒಳಗೆ ತರಬಾರದು ಎಂದು ಬೋರ್ಡು ಹಾಕಿಸಿದವನು ನಾನು. ಆದರೆ ದ್ರೋಹಕ್ಕೆ ಯಾವ ಬೋರ್ಡು ಹಾಕಿಸಲಿ?"

ರುಕ್ಮಿಣಿ ಫ್ರೀಜರಿನ ಸೀಸೆಗಳನ್ನು ಕಲಾವತಿಯಿಂದ ಎಣಿಕೆ ಮಾಡಿಸಿದಳು; ಒಂದೂ ಕಡಿಮೆ ಇರಲಿಲ್ಲ. ಪಕ್ಕದ ಫ್ರಿಜ್ಜಿನಲ್ಲಿ ಮಂಜುಗಡ್ಡೆ ಗಟ್ಟಿಯಾಗಿಯೇ ಇತ್ತು. ಆಮೇಲೆ ಕಸ್ಟಮ್ಸ್‌ನ ಹಳೇ ಚಾಳಿಯಂತೆ ಡೀಪ್ ಫ್ರೀಜರಿನ ಬಾಗಿಲಂಚಿನ ರಬ್ಬರಿನ ಮಡಿಕೆಯಲ್ಲಿ ಬೆರಳಾಡಿಸಿ, ಸಿಕ್ಕಿದ್ದನ್ನು ನನ್ನ ಅಂಗೈಗಿಟ್ಟಳು. ಒಂದು ಭತ್ತದ ಕಾಳು.

ಅಷ್ಟರಲ್ಲಿ ಬೆಂಗಳೂರಿನಿಂದ ಹಣ ಹೂಡುವವರ ಪರವಾಗಿ ಅನಘಾ ಎಂಬವರು ಬಂದರು. ರುಕ್ಮಿಣಿ ಅವರನ್ನೂ ಕೂರಿಸಿಕೊಂಡು ರಾಮಾನನ್ನು ಒಳಗೆ ಕರೆದಳು.

"ಕರೆಂಟು ಹೋಗಿಲ್ಲ, ಪಕ್ಕದ ಫ್ರಿಜ್ಜಿನ ಗಡ್ಡೆ ಕರಗಲಿಲ್ಲ. ಅಂದ್ರೆ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಕದ್ದು ಮಾರೂಕೆ ಅಂತ ಬಂದವ್ರಾದ್ರೆ ಸೀಸೆ ಒಯ್ತಿದ್ರು, ಎಲ್ಲಾ ಇಲ್ಲೇ ಉಂಟು. ಬಂದವ್ರು ಕಳ್ಳರಲ್ಲ. ರಬ್ಬರಿನಲ್ಲಿ ಹೊಸ ಭತ್ತ ಸಿಕ್ಕಿದೆ. ಕದಿರು ಬಂದದ್ದೇ ನಿನ್ನೆ. ಹಾಗಾಗಿ ಬಾಗಿಲು ತೆಗೆದದ್ದೂ ನಿನ್ನೆಯೇ. ಹಿಡಿಕೆಗೆ ಕಟ್ಟಿ ಮುಚ್ಚುವಾಗ ಒಂದು ತೆನೆ ಸಂದಿಗೆ ಸಿಕ್ಕಿದೆ."

"ಹಾಗಾದರೆ ರಾಮಾ!" ಎಂದರು ಶ್ರೀಕಾಂತ.

"ರಾಮಾನ ಹತ್ರ ಕೀಲಿ ಇಲ್ಲ. ಕಲಾವತಿ ಹತ್ರ ಉಂಟು. ಆದ್ರೆ ಸಾವಾದ ಮನೆಯವಳು, ಕದಿರು ಮುಟ್ಟೂದಿಲ್ಲ. ನಿಮಗೆ ಕೊಟ್ಟ ಕದಿರು ಕಾರಿನಲ್ಲಿಲ್ಲ ಹೆಗಡೇರೇ."

"ಎಲ್ಲೋ ಬಿದ್ದುಹೋಗಿರಬೇಕು."

"ಇವತ್ತು ಬೆಳಿಗ್ಗೆ ಕಲಾವತಿ ಬರೂಕೆ ಮುಂಚೆ ಅದನ್ನ ಫ್ರೀಜರಿನ ಹಿಡಿಕೆಯಿಂದ ಬಿಚ್ಚಿದಿರಿ. ಆದ್ರೆ ಹೊಸ ಕದಿರನ್ನ ಕಸಕ್ಕೆ ಎಸಿಯೂ ಕೈ ನಮ್ಮ ಜಿಲ್ಲೆಲಿ ಹುಟ್ಟಲಿಲ್ಲ. ಡ್ರಾವರ್ ತೆಗೀರಿ."

 ಶ್ರೀಕಾಂತ ಡ್ರಾವರ್ ಎಳೆದರು. ಬಿಳಿ ಕರವಸ್ತ್ರದಲ್ಲಿ ಮಡಿಯಾಗಿ ಸುತ್ತಿಟ್ಟ, ಒಂದು ತೆನೆ ಜಜ್ಜಿದ ಕದಿರು.

"ಇವತ್ತಿನ ಭೇಟಿಗೆ ಹೆದರಿಕೆ ಹುಟ್ಟಿತ್ತು. ಅಮ್ಮ ಇದ್ದಿದ್ದರೆ ಮೊದಲು ಆ ಫ್ರೀಜರಿಗೇ ಕಟ್ಟುತ್ತಿದ್ದಳು ಅನ್ನಿಸಿತು. ಬೆಳಿಗ್ಗೆ ನೋಡಿದಾಗ... ಬೆಂಗಳೂರಿನವರ ಮುಂದೆ ಇದನ್ನು ಹೇಗೆ ಹೇಳಲಿ? ಅಳಿವೆಯೂರಿನವರಿಗೆ ವಿಜ್ಞಾನ ಬರುವುದಿಲ್ಲ ಅಂದುಬಿಡುತ್ತಾರೆ."

"ಕದಿರು ಕಟ್ಟಿದ್ದಕ್ಕೆ ನಾ ಬೈಯೂದಿಲ್ಲ" ಎಂದಳು ರುಕ್ಮಿಣಿ. "ಅದನ್ನ ಬಿಚ್ಚಿ ಈ ಹುಡುಗಿ ಕೊರಳಿಗೆ ಕಟ್ಟಿದ್ರಲಾ, ಅದಕ್ಕೆ ಬೈಯ್ತೆ."

ಶ್ರೀಕಾಂತ ಎದ್ದು ಎಲ್ಲರೆದುರು ಕಲಾವತಿಯ ಕ್ಷಮೆ ಕೇಳಿದರು. ಅವಳು ತಲೆ ಎತ್ತಲಿಲ್ಲ. ಅನಘಾ ಮೆಲ್ಲನೆ ಕೇಳಿದರು: "ಆ ಸೂಕ್ಷ್ಮಾಣುವನ್ನು ಮತ್ತೆ ಪಡೆಯಬಹುದೇ?"

"ಕೆಸರು ಎಲ್ಲಿ ಹೋಗ್ತದೆ? ಕಾಳಿಯಲ್ಲೇ ಉಂಟು" ಎಂದಳು ಕಲಾವತಿ. "ತಿಂಗಳುಗಟ್ಟಲೆ ಹುಡುಕ್ಬೇಕಾಗ್ತದೆ. ಆದ್ರೆ ಬೆಂಗಳೂರಲ್ಲಿ ಹುಡುಕಿದ್ರೆ ಸಿಗೂದಿಲ್ಲ."

"ಹಾಗಾದರೆ ನಮ್ಮ ತೀರ್ಮಾನ ಅಲ್ಲಿಯವರೆಗೆ ಕಾಯಲಿ. ಈ ಸಲ ಬೀಜ ಎರಡು ಕಡೆ ಇರಲಿ, ಎರಡಕ್ಕೂ ಜವಾಬ್ದಾರಿ ಕಲಾವತಿಯದು" ಎಂದರು ಅನಘಾ.

ಕಲಾವತಿ ಮೂಲೆಯಿಂದ ಕೆಸರಿಗಿಳಿಯುವ ಬೂಟುಗಳನ್ನು ತೆಗೆದಳು. ಒಂದು ಜೊತೆ ತಾನು ಹಾಕಿಕೊಂಡು, ಇನ್ನೊಂದನ್ನು ನಿರ್ದೇಶಕರ ಕಾಲ ಬಳಿ ಇಟ್ಟಳು.

"ಹೊಳೆ ನೀರಿನ ಇಳಿತ ಸುರು ಆಯ್ತು. ಬರ್ರಿ ಸರ್ ನನ್ನ ಸಂಗ್ತಿ, ಹುಡುಕುವಾ" ಎಂದಳು.

ಶ್ರೀಕಾಂತ ಹೊಳೆಯುವ ಚಪ್ಪಲಿ ಬಿಟ್ಟು ಬೂಟಿಗೆ ಕಾಲಿಟ್ಟರು.