ಮೂರು ಸಲ ಬಿಳಿಚಿದ ಬೈಕು

ಮೂರನೆಯ ಶನಿವಾರ ಬೆಳಿಗ್ಗೆ ಗ್ಯಾರೇಜಿನ ಹಿಂದಿನ ಶೆಡ್ಡಿನಿಂದ ಪೇಂಟರ್ ಕೂಗಿದ ರೀತಿಗೆ, ಎದುರಂಗಡಿಯ ದರ್ಜಿ ಹೊಲಿಗೆ ಯಂತ್ರ ಬಿಟ್ಟು ಓಡಿಬಂದ. ಯಾರದೋ ಬೆರಳು ಹೋಗಿದೆ ಎಂದೇ ಅವನು ತಿಳಿದಿದ್ದ. ಒಳಗೆ ನೋಡಿದರೆ ಪೇಂಟರ್ ಬೈಕಿನ ಹೊದಿಕೆಯನ್ನು ಕೈಯಲ್ಲಿ ಹಿಡಿದು ಕಂಬದ ಹಾಗೆ ನಿಂತಿದ್ದ.

"ಮತ್ತೆ ಹೋಯ್ತು ಕಣೋ," ಎಂದ.

ಅದು ದೂರ ಪ್ರಯಾಣದ ದೊಡ್ಡ ಬೈಕು. ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್ಕೇ ಅದರ ಮೈ. ಎರಡು ವರ್ಷ ಬಿಸಿಲಲ್ಲಿ ನಿಂತು ಬೂದಿಯ ಬಣ್ಣಕ್ಕೆ ತಿರುಗಿ ಗ್ಯಾರೇಜಿಗೆ ಬಂದಿತ್ತು. ಪೇಂಟರ್ ಎರಡು ಸಲ ಅದನ್ನು ಹೊಸದರಂತೆ ಕಪ್ಪಾಗಿಸಿದ್ದ. ಎರಡು ಸಲವೂ ಒಡೆಯ ಒಯ್ಯಬೇಕಾದ ದಿನ ಬೆಳಿಗ್ಗೆ ಅದು ಬಿಳಿಚಿಕೊಂಡಿತ್ತು. ಈಗ ಮೂರನೆಯ ಸಲ. ಟ್ಯಾಂಕಿನ ಎರಡೂ ಪಕ್ಕದ ಪ್ಯಾನೆಲ್ಲುಗಳು, ಹೆಡ್‌ಲೈಟಿನ ಕೆಳಗಿನ ಮೂತಿ, ಹ್ಯಾಂಡಲ್ಲಿನ ಗಾರ್ಡುಗಳು ಎಲ್ಲ ಸುಣ್ಣ ಸವರಿದಂತೆ ಮಂಕಾಗಿದ್ದವು.

"ನಿನ್ನೆ ಮಧ್ಯಾಹ್ನ ನಾನೇ ಕೈಯಾರೆ ಒರೆಸಿ ಹೊದಿಸಿದ್ದೆ. ಕನ್ನಡಿ ಥರ ಇತ್ತು," ಎಂದ ಪೇಂಟರ್.

ಅಷ್ಟರಲ್ಲಿ ಗ್ಯಾರೇಜಿನ ಮಾಲೀಕ ಬಂದ. ಒಂದು ಸುತ್ತು ಬಂದು ನೋಡಿದ. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ಇಪ್ಪತ್ತೆರಡು ವರ್ಷ ಆಯ್ತು ನೀನು ಇಲ್ಲಿ. ಕೈ ಸೋತಿದೆ ಅಂತ ಒಪ್ಕೋ. ಈ ತಿಂಗಳು ಮುಗಿಸಿ ಬಿಟ್ಟುಬಿಡು," ಎಂದು ಹೇಳಿ ಆಫೀಸಿಗೆ ಹೋಗಿಬಿಟ್ಟ.

ಪೇಂಟರ್ ತನ್ನ ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದು, ಯಾರದೋ ಕೈ ನೋಡುವಂತೆ ನೋಡಿಕೊಂಡ. ದರ್ಜಿಗೆ ಅದನ್ನು ನೋಡಲಾಗಲಿಲ್ಲ. ಅವನು ನೆಟ್ಟಗೆ ರಸ್ತೆ ದಾಟಿ, ತನ್ನ ಅಂಗಡಿಯ ಮೇಲಿನ ಮನೆಗೆ, ಅಕ್ಕನ ಹತ್ತಿರ ಹೋದ.

ಅಕ್ಕನನ್ನು ಬೀದಿಯವರೆಲ್ಲ ಸರ್ವೇಯರಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ವಿಮಾ ಕಂಪನಿಗಾಗಿ ಜಜ್ಜಿದ ಗಾಡಿಗಳನ್ನು ನೋಡಿ, ಯಾವ ಡೆಂಟು ಅಪಘಾತದ್ದು, ಯಾವುದು ಸುತ್ತಿಗೆಯದು ಎಂದು ಹೇಳಿದ ಹೆಂಗಸು. ನಿವೃತ್ತಿಯಾದ ಮೇಲೆ ಬೀದಿಯ ಕಳವು, ಸುಳ್ಳು ಸಹಿ, ಅನಾಮಧೇಯ ಪತ್ರ ಎಲ್ಲವೂ ಅವಳ ಬಾಗಿಲಿಗೇ ಬರುತ್ತಿದ್ದವು. ಪ್ರತಿಸಲವೂ ಹಿಂದೆ ಹಿಂದೆ ಸುತ್ತುವವನು ತಮ್ಮ. ಅವನ ಕಸುಬು ಬೈಕಿನ ಸೀಟು ಹೊಲಿಯುವುದು.

"ಪ್ಲಾಸ್ಟಿಕ್ ಬಣ್ಣ ಬಿಡೋದಕ್ಕೆಲ್ಲ ನಾನು ಬರಬೇಕಾ?" ಎಂದಳು ಅಕ್ಕ.

"ಬಣ್ಣ ಬಿಡ್ತಿಲ್ಲ ಅಕ್ಕಾ, ಮನುಷ್ಯನ ಮರ್ಯಾದೆ ಬಿಡ್ತಿದೆ. ಬಾ ನೀನು."

ಅಕ್ಕ ಭೂತಗನ್ನಡಿ ತೆಗೆದುಕೊಂಡು ಬಂದಳು. ಶೆಡ್ಡಿನಲ್ಲಿ ಪೇಂಟರನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು.

"ಪ್ಯಾನೆಲ್ಲುಗಳನ್ನ ಬಿಚ್ಚಿ ಸೋಪುನೀರಲ್ಲಿ ತೊಳೆದು ಒಣಗಿಸ್ತೀನಿ," ಎಂದ ಅವನು. "ಆಮೇಲೆ ಬಿಸಿಗಾಳಿ ಊದೋ ಹೀಟ್ ಗನ್ನು. ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸ್ತಾ ಹೋದ್ರೆ ಪ್ಲಾಸ್ಟಿಕ್ಕಿನ ಒಳಗಿನ ಜಿಡ್ಡು ಮೇಲೆ ಬಂದು ಕಪ್ಪು ತಾನಾಗೇ ಎದ್ದೇಳುತ್ತೆ. ನಿಲ್ಲಿಸಿದ್ರೋ, ಕರಗುತ್ತೆ. ಕೊನೆಗೆ ಎರಡು ಕೋಟು ಲೇಪ. ಮೂರು ದಿನ ನೆರಳಲ್ಲಿ ಒಣಗಬೇಕು. ಅದಕ್ಕೇ ಬುಧವಾರ ಮುಗಿಸಿ ಶನಿವಾರ ಕೊಡೋದು."

"ಎಷ್ಟು ಕಾಲ ತಡೀಬೇಕು?"

"ಬಿಸಿಲಲ್ಲಿ ನಿಲ್ಲಿಸಿದ್ರೂ ತಿಂಗಳುಗಟ್ಟಲೆ ತಡೀಬೇಕಮ್ಮ. ಇದು ನೆರಳಲ್ಲೇ ಮೂರು ದಿನಕ್ಕೆ ಹೋಗ್ತಿದೆ. ನನಗೆ ತಲೆ ಕೆಟ್ಟುಹೋಗಿದೆ."

ಅಕ್ಕ ಭೂತಗನ್ನಡಿ ಹಿಡಿದು ಪ್ಯಾನೆಲ್ಲಿಗೆ ಮುಖ ತಾಗಿಸುವಷ್ಟು ಬಗ್ಗಿದಳು. ತಮ್ಮನಿಗೂ ತೋರಿಸಿದಳು. ಪ್ಲಾಸ್ಟಿಕ್ಕಿನ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿತ್ತು. ಉಬ್ಬುಗಳೆಲ್ಲ ಬೂದಿ, ನಡುವಿನ ತಗ್ಗುಗಳೆಲ್ಲ ಅಚ್ಚ ಕಪ್ಪು. ಪ್ಯಾನೆಲ್ಲಿನ ಕೆಳಮಡಿಕೆಯ ಒಳಬದಿಯೂ, ಬಿಸಿಲು ಯಾವತ್ತೂ ಮುಟ್ಟದ ಜಾಗವೂ, ಮಂಕಾಗಿತ್ತು.

"ಟೇಪು ಕೊಡು," ಎಂದಳು. ದರ್ಜಿ ಕುತ್ತಿಗೆಯಿಂದ ತೆಗೆದುಕೊಟ್ಟ. ನೆಲದಿಂದ ಇಪ್ಪತ್ತೆರಡು ಇಂಚಿನವರೆಗೆ ಯಾವ ಭಾಗವೂ ಬಿಳಿಚಿರಲಿಲ್ಲ. ಮುಂದಿನ ಮಡ್‌ಗಾರ್ಡಿನ ಮೇಲ್ಭಾಗ ಬೂದಿ, ಕೆಳಭಾಗ ಕಪ್ಪು. ಎಂಜಿನ್ನಿನ ಕೆಳಗಿನ ಕವಚ ಪೂರ್ತಿ ಕಪ್ಪು.

"ಮೊದಲ ಎರಡು ಸಲವೂ ಹೀಗೇನಾ?"

"ಹೀಗೇ. ಕೆಳಗಡೆ ಯಾವತ್ತೂ ಹಾಳಾಗಿಲ್ಲ."

ಸೀಟಿನ ಉದ್ದಕ್ಕೂ ಎಳೆದಿದ್ದ ತೆಳು ಬಿಳಿ ಗೆರೆಯನ್ನು ನೋಡಿ, "ಇದೇನೋ?" ಎಂದು ಅವಳು ತಮ್ಮನನ್ನು ಕೇಳಿದಳು.

"ನಡುಗೆರೆ. ಹೊಲಿಗೆ ನೆಟ್ಟಗೆ ಬರಲಿ ಅಂತ ಸೀಮೆಸುಣ್ಣದಲ್ಲಿ ಹಾಕಿದ್ದು. ಎರಡು ವಾರದ ಹಿಂದೆ ಕೂರಿಸಿದೆ. ಒಂದು ಸಲ ಕೂತ್ರೆ ಹೋಗುತ್ತೆ ಅಂತ ಒರೆಸಲಿಲ್ಲ."

ಅಕ್ಕ "ಹೂಂ" ಎಂದಳು, ಅಷ್ಟೆ. ಆ "ಹೂಂ" ಕೇಳಿದರೆ ತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಏನೋ ಹೊಳೆದಿದೆ, ಹೇಳುವುದಿಲ್ಲ ಎಂದು ಅದರ ಅರ್ಥ.

ಶುಕ್ರವಾರ ಮಧ್ಯಾಹ್ನದ ನಂತರ ಶೆಡ್ಡಿಗೆ ಹೋದವರು ಮೂವರು. ಶನಿವಾರವೇ ಅಕ್ಕ ಮೂವರನ್ನೂ ಮಾತಾಡಿಸಿದಳು.

ಬಿಡಿಭಾಗದ ಅಂಗಡಿಯವನು ತನ್ನ ಪೆಟ್ಟಿಗೆಗಳನ್ನು ಅದೇ ಶೆಡ್ಡಿನಲ್ಲಿಡುತ್ತಿದ್ದ. ಪೆಟ್ಟಿಗೆಗಳ ನಡುವೆ ಕುಕ್ಕರಗಾಲಲ್ಲಿ ಕೂತೇ ಉತ್ತರ ಕೊಟ್ಟ. "ಮೊದಲೇ ಹೇಳಿದ್ದೆ, ಹೊಸ ಪ್ಯಾನೆಲ್ ಸೆಟ್ಟು ತರಿಸಿಕೊಡ್ತೀನಿ ಅಂತ. ಹಳೇದನ್ನ ಉಜ್ಜಿ ಉಜ್ಜಿ ಎಷ್ಟು ದಿನ ಸಾಯ್ತೀರಿ? ನಾನು ಆರು ಗಂಟೆಗೆ ಪೆಟ್ಟಿಗೆ ಇಟ್ಟು ಹೋದೆ. ಬೈಕಿಗೆ ಬಟ್ಟೆ ಹೊದಿಸಿತ್ತು, ನೋಡಲೂ ಇಲ್ಲ."

"ಮೂರು ಸಲ ಹಾಳಾದ್ರೆ ಲಾಭ ಇವನಿಗೇ ತಾನೆ?" ಎಂದು ದರ್ಜಿ ಹೊರಗೆ ಬಂದು ಹಲ್ಲು ಕಡಿದ.

ಬೈಕಿನ ಒಡೆಯ ಕನ್ನಡಕದಂಗಡಿ ಇಟ್ಟವನು. ಗೆಳೆಯರ ಸವಾರಿ ಗುಂಪಿನಲ್ಲಿ ಯಾವಾಗಲೂ ಮುಂದಿರುತ್ತಿದ್ದುದರಿಂದ ಅವನಿಗೆ ಕ್ಯಾಪ್ಟನ್ ಎಂದೇ ಹೆಸರು. ಎರಡು ವರ್ಷದ ಹಿಂದೆ, ಒಂದು ತಿರುವಿನಲ್ಲಿ ಬೈಕು ಜಾರಿ, ಬಲಮಂಡಿಗೆ ಸಲಾಕೆ ಹಾಕಿಸಿಕೊಂಡಿದ್ದ. ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ, ಬಲಗಾಲು ನೆಟ್ಟಗೆ ಚಾಚಿ ಕೂತಿದ್ದ.

"ನನ್ನ ಸಂಕಟ ಯಾರಿಗೆ ಹೇಳ್ಲಿ?" ಎಂದ. "ಮೂರು ವಾರದಿಂದ ಗೆಳೆಯರೆಲ್ಲ ಸವಾರಿ ಹೊರಡೋಕೆ ಕಾಯ್ತಿದ್ದಾರೆ. ದಿನಾ ಸಂಜೆ ಐದಕ್ಕೆ ಹೋಗಿ, ಹತ್ತಿ ಕೂತು, ಕಾಲು ಗಂಟೆ ಎಂಜಿನ್ ಓಡಿಸ್ತೀನಿ. ಬ್ಯಾಟರಿ ಇಳೀಬಾರದಲ್ಲ. ಸದ್ದು ಯಾಕೆ ಬೇರೆಯವರಿಗೆ ಅಂತ ಬಾಗಿಲೂ ಎಳ್ಕೋತೀನಿ. ಪೇಂಟರ್ ಒಳ್ಳೆಯವನೇ, ಆದ್ರೆ ಕೆಲಸ ಬರಬೇಕಲ್ಲ?"

ಅವನ ಹೆಂಡತಿ ಗ್ರಂಥಪಾಲಕಿ. ಪುಸ್ತಕಗಳ ಕಪಾಟಿನ ಮುಂದೆ ನಿಂತೇ ಮಾತಾಡಿದಳು. ಶುಕ್ರವಾರ ನಾಲ್ಕು ಗಂಟೆಗೆ ಶೆಡ್ಡಿಗೆ ಬಂದು, ಹೊಸ ಹೆಲ್ಮೆಟ್ಟನ್ನು ಗೋಡೆಗೆ ತೂಗುಹಾಕಿ ಹೋದದ್ದು ಅವಳೇ.

"ನಿಮಗೆ ಆ ಬೈಕು ಇಷ್ಟವೇನಮ್ಮ?" ಎಂದಳು ಅಕ್ಕ.

ಆಕೆ ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿಗೆ ಸೇರಿಸಿದಳು. "ಅವರಿಗೆ ಅದೇ ಜೀವ," ಎಂದಳು.

ಮೆಟ್ಟಿಲಿಳಿಯುತ್ತ ದರ್ಜಿ, "ಇವಳೇ! ಗಂಡ ಮತ್ತೆ ಬೈಕು ಹತ್ತಬಾರದು ಅಂತ ಮಾಡಿದ್ದಾಳೆ," ಎಂದ.

"ಬೆಳಿಗ್ಗೆ ಅಂಗಡಿಯವನು ಅಂದೆ."

"ಅಂದೆ. ಹಾಗಾದ್ರೆ ನೀನು ಹೇಳು!"

ಅಕ್ಕ ಹೇಳಲಿಲ್ಲ. ಭಾನುವಾರವೆಲ್ಲ ಮಲಗಿ ಪೇಪರು ಓದಿದಳು. ಕೆಳಗೆ ದರ್ಜಿ ಮೂರು ಸೂಜಿ ಮುರಿದ. ಎದುರಿಗೆ ಪೇಂಟರ್ ಬೇಡದ ಒಂದು ಹಳೆ ಮಡ್‌ಗಾರ್ಡನ್ನು ಹಿಡಿದು, ಹೀಟ್ ಗನ್ನಿನಿಂದ ಕಪ್ಪಾಗಿಸಿ, ಕಾಲು ಗಂಟೆಗೊಮ್ಮೆ ಬಂದು ಬಂದು ಮುಟ್ಟಿ ನೋಡುತ್ತಿದ್ದ. ಅದು ಕಪ್ಪಾಗಿಯೇ ಇತ್ತು. ಅದರಿಂದ ಅವನ ಮುಖ ಇನ್ನಷ್ಟು ಬಾಡಿತು. ಇದು ಬರುತ್ತದೆ, ಅದು ಯಾಕೆ ಬರುವುದಿಲ್ಲ?

ಸೋಮವಾರ ಬೆಳಿಗ್ಗೆ ಅಕ್ಕ ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು. ಮಾಲೀಕ ಕೈ ಕಟ್ಟಿ ನಿಂತ. ಅಂಗಡಿಯವನು ಪೆಟ್ಟಿಗೆಯೊಂದರ ಮೇಲೆ ಕೂತ. ಕ್ಯಾಪ್ಟನ್ ಗೋಡೆಗೆ ಒರಗಿದ, ಪಕ್ಕದಲ್ಲಿ ಹೆಂಡತಿ. ಪೇಂಟರ್ ಯಾರ ಮುಖವನ್ನೂ ನೋಡದೆ ಬೈಕಿನ ಹಿಂದೆ ನಿಂತಿದ್ದ.

"ಮೊದಲನೇ ಮಾತು," ಎಂದಳು ಅಕ್ಕ. "ಪೇಂಟರ್ ಕೆಲಸದಲ್ಲಿ ತಪ್ಪಿಲ್ಲ. ಬಿಸಿಲಿಗೋ ಗಾಳಿಗೋ ಬಿಳಿಚೋ ಪ್ಲಾಸ್ಟಿಕ್ಕು ಉಬ್ಬು ತಗ್ಗು ಅಂತ ಆರಿಸಿಕೊಂಡು ಬಿಳಿಚಲ್ಲ. ಇಲ್ಲಿ ಉಬ್ಬು ಮಾತ್ರ ಬೂದಿ, ತಗ್ಗು ಕಪ್ಪು. ಬಿಸಿಲು ಬೀಳದ ಒಳಮಡಿಕೆನೂ ಬೂದಿ. ಇದನ್ನ ಯಾರೋ ಉಜ್ಜಿದ್ದಾರೆ. ಪಾತ್ರೆ ಉಜ್ಜೋ ಒರಟು ಸ್ಕ್ರಬ್ಬರ್ ಸಾಕು."

ಮಾಲೀಕ ಭೂತಗನ್ನಡಿ ಇಸಿದುಕೊಂಡು ನೋಡಿದ. ತಲೆಯೆತ್ತಿದಾಗ ಅವನ ಮುಖ ಬಿಳಿಚಿತ್ತು.

"ಯಾರು?" ಎಂದ.

"ನೆಲದಿಂದ ಇಪ್ಪತ್ತೆರಡು ಇಂಚಿನ ಕೆಳಗೆ ಒಂದು ಗೀರೂ ಇಲ್ಲ, ಮೂರು ಸಲವೂ. ಉಜ್ಜಿದವರು ಸೊಂಟ ಬಗ್ಗಿಸಿದ್ದಾರೆ, ಮಂಡಿ ಬಗ್ಗಿಸಿಲ್ಲ. ಅಂಗಡಿಯವನಿಗೆ ದಿನವಿಡೀ ಕುಕ್ಕರಗಾಲಲ್ಲೇ ಕೆಲಸ. ಅವನು ಕೆಳಗಿನದನ್ನ ಬಿಡ್ತಿರಲಿಲ್ಲ. ಈಯಮ್ಮ ಬಂದದ್ದು ಮೂರನೇ ಶುಕ್ರವಾರ ಮಾತ್ರ, ಮಂಡಿಗೂ ಏನೂ ತೊಂದರೆಯಿಲ್ಲ. ಇನ್ನು ಸದ್ದು. ಕಾಲು ಗಂಟೆ ಪ್ಲಾಸ್ಟಿಕ್ ಉಜ್ಜಿದ್ರೆ ಎದುರಂಗಡಿಯ ನನ್ನ ತಮ್ಮನಿಗೆ ಕೇಳಬೇಕಿತ್ತು. ಯಾಕೆ ಕೇಳಲಿಲ್ಲ? ಆ ಹೊತ್ತಲ್ಲಿ ಎಂಜಿನ್ ಓಡ್ತಿತ್ತು."

ದರ್ಜಿಯ ಕಣ್ಣು ತಾನಾಗಿಯೇ ಕ್ಯಾಪ್ಟನ್‌ನ ಚಾಚಿದ ಬಲಗಾಲಿನ ಮೇಲೆ ಬಿತ್ತು.

"ಇವರು ದಿನಾ ಹತ್ತಿ ಕೂರ್ತೀನಿ ಅಂದ್ರು," ಎಂದಳು ಅಕ್ಕ, ದನಿ ತಗ್ಗಿಸಿ. "ಸೀಟಿನ ಮೇಲೆ ಸೀಮೆಸುಣ್ಣದ ಗೆರೆ ಇದೆ. ಒಂದು ಸಲ ಕೂತಿದ್ರೂ ಅಳಿಸಿಹೋಗ್ತಿತ್ತು. ಎರಡು ವಾರದಿಂದ ಹಾಗೇ ಇದೆ. ಕ್ಯಾಪ್ಟನ್, ನೀವು ಒಂದು ದಿನಾನೂ ಇದರ ಮೇಲೆ ಕೂತಿಲ್ಲ. ಪಕ್ಕದಲ್ಲಿ ನಿಂತು ಸ್ವಿಚ್ಚು ಒತ್ತಿದ್ದೀರಿ. ಯಾಕೆ ಉಜ್ಜಿದಿರಿ ಅಂತ ನಾನು ಊಹಿಸಬಲ್ಲೆ. ಆದರೆ ನೀವೇ ಹೇಳಿದ್ರೆ ಒಳ್ಳೇದು."

"ಇದೆಲ್ಲ ಏನಮ್ಮ, ಕಥೆ ಕಟ್ತೀರಾ?" ಎಂದು ಕ್ಯಾಪ್ಟನ್ ಮುಂದೆ ಬಂದ. ಹ್ಯಾಂಡಲ್ಲಿಗೆ ಕೈ ಹಾಕಿದ. ಹತ್ತಿ ತೋರಿಸುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಅವನು ಹಾಗೇ ನಿಂತ. ಸೀಟಿನ ಕಡೆ ಒಮ್ಮೆ ನೋಡಿ ಕೈ ಹಿಂದಕ್ಕೆಳೆದುಕೊಂಡ.

"ಆಗ್ತಿಲ್ಲ," ಎಂದ ಕೊನೆಗೆ. "ಆವತ್ತು ಬೈಕು ಜಾರಿದಾಗ ಹಿಂದೆ ಕೂತಿದ್ದ ಇವಳು ರಸ್ತೆ ಮೇಲೆ ಅಲ್ಲಾಡದೆ ಬಿದ್ದಿದ್ಲು. ಐದು ನಿಮಿಷ. ಹೋದಳು ಅಂದ್ಕೊಂಡೆ. ಈಗ ಸೀಟು ನೋಡಿದ್ರೆ ಸಾಕು, ಅದೇ ಕಾಣುತ್ತೆ. ಎಲ್ಲರೂ ಕ್ಯಾಪ್ಟನ್ ಕ್ಯಾಪ್ಟನ್ ಅಂತಾರೆ. ಇವಳು ಹೊಸ ಹೆಲ್ಮೆಟ್ ತಂದಿಟ್ಲು, ಜೊತೆಗೆ ಬರೋಕೆ ರಜೆ ಹಾಕಿದ್ಲು. ಹೆದರ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಒಂದು ವಾರ ಮುಂದೆ ಹೋದ್ರೆ ಸಾಕು ಅಂತ ಮಾಡಿದೆ. ಆಮೇಲೆ ಇನ್ನೊಂದು ವಾರ."

ಹೆಂಡತಿ ಅವನನ್ನೇ ದಿಟ್ಟಿಸಿದಳು. "ನಾನು ರಜೆ ಹಾಕಿದ್ದು ನಿಮಗೋಸ್ಕರ ರೀ. ಬೈಕು ಇಲ್ಲದೆ ನೀವು ಬದುಕಲ್ಲ ಅಂದ್ಕೊಂಡಿದ್ದೆ. ಹಿಂದಿನ ಸೀಟು ನೆನೆಸಿಕೊಂಡ್ರೆ ನನಗೂ ನಿದ್ದೆ ಬರಲ್ಲ. ಒಂದು ಮಾತು, ಒಂದೇ ಒಂದು ಮಾತು ನನಗೆ ಹೇಳಬಾರದಿತ್ತಾ?" ಅವಳ ದನಿಯಲ್ಲಿ ಅಳುವಿಗಿಂತ ಸಿಟ್ಟು ಹೆಚ್ಚಿತ್ತು.

ಮಾಲೀಕ ಗಂಟಲು ಸರಿಮಾಡಿಕೊಂಡು, "ಆಯ್ತು ಬಿಡಪ್ಪ, ನಾನು ಅಂದದ್ದನ್ನ ಮರೆತುಬಿಡು," ಎಂದು ಪೇಂಟರ್ ಕಡೆ ತಿರುಗಿದ.

ಪೇಂಟರ್ ಮಾಲೀಕನನ್ನು ನೋಡಲೇ ಇಲ್ಲ. ಕ್ಯಾಪ್ಟನ್ ಎದುರಿಗೆ ಬಂದು ನಿಂತ. ಎಲ್ಲಿ ಕೈ ಎತ್ತುತ್ತಾನೋ ಎಂದು ದರ್ಜಿ ಒಂದು ಹೆಜ್ಜೆ ಮುಂದಿಟ್ಟ.

"ಹೆದರಿದ್ದು ತಪ್ಪಲ್ಲ ಸಾರ್," ಎಂದ ಪೇಂಟರ್. "ಆದ್ರೆ ಆ ಹೆದರಿಕೆನ ನನ್ನ ಕೈ ಮೇಲೆ ಹಾಕಿದ್ರಲ್ಲ? ಎರಡು ವಾರದಿಂದ ಮನೇಲಿ ಲೋಟ ಹಿಡಿಯೋಕೂ ಈ ಕೈಗಳನ್ನ ನಂಬ್ತಿಲ್ಲ ನಾನು."

"ಕ್ಷಮಿಸಪ್ಪ," ಎಂದ ಕ್ಯಾಪ್ಟನ್. "ನಿಮ್ಮ ಮಾಲೀಕರಿಗೆ, ಬೀದಿಯವರಿಗೆ, ನನ್ನ ಗೆಳೆಯರಿಗೆ, ಎಲ್ಲರಿಗೂ ನಾನೇ ಹೇಳ್ತೀನಿ. ಬೈಕು ಮಾರಿಬಿಡ್ತೀನಿ. ನೀನು ಇನ್ನು ಇದನ್ನ ಮುಟ್ಟಬೇಕಾಗಿಲ್ಲ."

"ಮಾರಿ, ಇಲ್ಲ ಇಟ್ಕೊಳ್ಳಿ, ಅದು ನಿಮ್ಮಿಷ್ಟ," ಎಂದ ಪೇಂಟರ್. "ಆದ್ರೆ ಈ ಬಣ್ಣದಲ್ಲಿ ಇದು ಶೆಡ್ಡು ಬಿಟ್ಟು ಹೋಗಲ್ಲ. ನಾಳೆ ಬೆಳಿಗ್ಗೆ ಬನ್ನಿ. ಪ್ಯಾನೆಲ್ ಹಿಡ್ಕೊಂಡು ನಿಲ್ಲೋಕೆ ಮಂಡಿ ಬಗ್ಗಿಸಬೇಕಾಗಿಲ್ಲ."

ಮಂಗಳವಾರ ಕ್ಯಾಪ್ಟನ್ ಬಂದ. ಬುಧವಾರವೂ ಬಂದ. ಪೇಂಟರ್ ಹೀಟ್ ಗನ್ನು ಆಡಿಸಿದ, ಅವನು ಪ್ಯಾನೆಲ್ ಹಿಡಿದು ನಿಂತ. ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. "ಸ್ವಲ್ಪ ತಿರುಗಿಸಿ," "ಸಾಕು," "ಇನ್ನೊಂದು ಕಡೆ," ಅಷ್ಟೆ. ಗುರುವಾರ ಹೆಂಡತಿ ಬಂದು ಹೆಲ್ಮೆಟ್ಟನ್ನು ಗೋಡೆಯಿಂದ ತೆಗೆದುಕೊಂಡು ಹೋದಳು.

ಶನಿವಾರ ಬೆಳಿಗ್ಗೆ ದರ್ಜಿ ಅಂಗಡಿ ತೆರೆಯುವ ಮೊದಲೇ ಶೆಡ್ಡಿಗೆ ಹೋದ. ಪೇಂಟರ್ ಆಗಲೇ ಬಂದಿದ್ದ. ಬೈಕಿನ ಹೊದಿಕೆ ಹಾಗೇ ಇತ್ತು. ಅವನು ಅದರ ಮುಂದೆ ಸ್ಟೂಲು ಹಾಕಿ ಕೂತಿದ್ದ.

"ಯಾಕೋ, ತೆಗೆದು ನೋಡಲಿಲ್ವಾ?"

"ನೀನೇ ತೆಗಿ," ಎಂದ ಪೇಂಟರ್. "ಯಾರು ಮಾಡಿದ್ದು ಅಂತ ಗೊತ್ತು. ಇನ್ನು ಮಾಡಲ್ಲ ಅಂತಾನೂ ಗೊತ್ತು. ಆದ್ರೂ ಕೈ ಏಳ್ತಿಲ್ಲ ಕಣೋ."

ದರ್ಜಿ ಹೊದಿಕೆ ಎಳೆದ. ಕಿಟಕಿಯ ಬೆಳಕು ಉದ್ದಕ್ಕೂ ಕಪ್ಪು ಮೈಯ ಮೇಲೆ ಬಿತ್ತು. ಪೇಂಟರ್ ಎದ್ದು ಬಂದು, ತೋರುಬೆರಳಿನಿಂದ ಪ್ಯಾನೆಲ್ಲನ್ನು ಮುಟ್ಟಿದ. ಬೆರಳನ್ನು ತಿರುಗಿಸಿ ನೋಡಿದ. ಮತ್ತೆ ಮುಟ್ಟಿದ.