ಜರಡಿಯಲ್ಲಿ ಕಳಿಸಿದ ಚಕ್ಕುಲಿ

ಬೆಟ್ಟಗುಡ್ಡಗಳು ಇನ್ನೂ ಒಂದನ್ನೊಂದು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ಏಳುಕೆರೆ ಅನ್ನುವ ರಾಜ್ಯವಿತ್ತು. ಆ ರಾಜ್ಯದ ಪಟ್ಟಣದಲ್ಲಿ ಗಿಣಿಬೀದಿ ಅಂತ ಒಂದು ಬೀದಿ. ಮೂವತ್ತು ಮನೆ, ಮೂವತ್ತು ಜಗಲಿ, ಬಾಯಿ ಮಾತ್ರ ಮುನ್ನೂರು. ಈ ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಆ ಮನೆಯವರು ನೀರು ಕುಡಿಯುವಂಥ ಬೀದಿ ಅದು.

ಬೀದಿಯ ನಡುವೆ ಮೊರ, ಬುಟ್ಟಿ, ಜರಡಿ ಹೆಣೆಯುವ ಮಲ್ಲನ ಮನೆ. ಮಲ್ಲನ ಕೈಹಿಡಿದು ಪುಟ್ಟೀರಿ ಆ ಮನೆಗೆ ಬಂದು ಮೂರು ತಿಂಗಳಾಗಿತ್ತು. ಅವಳದು ದೊಡ್ಡ ಕಣ್ಣು. ಮದುವೆಯ ದಿನ ಬೀದಿಯ ಹೆಂಗಸರೆಲ್ಲ, "ಏನು ಕಣ್ಣೇ ತಾಯಿ ಇವು, ತಾವರೆ ಎಸಳು!" ಅಂದಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮಲ್ಲ ಬಿದಿರು ಕಡಿಯಲು ಕಾಡಿಗೆ ಹೋಗಿದ್ದ. ಮನೆಯಲ್ಲಿ ಉಳಿದದ್ದು ಅತ್ತೆ ಚಿಕ್ಕತಾಯಮ್ಮ, ಸೊಸೆ ಪುಟ್ಟೀರಿ, ಇಬ್ಬರೇ.

ಅದೇ ದಿನಗಳಲ್ಲಿ ಬೀದಿಯ ಕೊನೆಯ ಪಾಳುಮನೆಗೆ ಸವಿಯಪ್ಪ ಅನ್ನುವ ಮುದುಕ ಬಂದು ಸೇರಿದ. ಬಿಳಿ ಗಡ್ಡ, ಬೆಣ್ಣೆಯಂಥ ಮಾತು. ದಿನಾ ಮಧ್ಯಾಹ್ನ ಮನೆಮನೆಗೂ ಬೆಳ್ಳಿ ಬಟ್ಟಲಲ್ಲಿ ಪಾಯಸ ತಂದು ಕೊಡುತ್ತಿದ್ದ. ಸಂಜೆ ಬಂದು ಬಟ್ಟಲು ಇಸಕೊಂಡು ಹೋಗುತ್ತಿದ್ದ. ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದುಂಟೇ? ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಗಿಣಿಬೀದಿಯವರು ಹಾಗೇ ಕೊಟ್ಟರು. ಸವಿಯಪ್ಪ ಮೀಸೆಯಲ್ಲೇ ನಕ್ಕು ಇಸಕೊಂಡ.

ಆಮೇಲೆ ಶುರುವಾಯಿತು ನೋಡಿ ವಿಚಿತ್ರ.

ಎದುರುಮನೆ ಸೊಲ್ಲಮ್ಮ ಒಗ್ಗರಣೆಗೆ ಸಾಸಿವೆ ಹಾಕಿದಳು. ಸಾಸಿವೆ ಸಿಡಿಯಿತು, ಚಟಪಟ ಸದ್ದೇ ಇಲ್ಲ. ಅವಳ ಗಂಡ ಬೋರಜ್ಜ ಜಗಲಿಯ ಮೇಲೆ ಮಧ್ಯಾಹ್ನದ ನಿದ್ದೆ ಹೊಡೆದರೆ ಬೀದಿಗೇ ಕೇಳುತ್ತಿತ್ತು, ಆ ಗೊರಕೆ ಮಾಯ. ಪಾಪ ಸೊಲ್ಲಮ್ಮ, ಗಂಡನಿಗೆ ಉಸಿರಿದೆಯೋ ಇಲ್ಲವೋ ಅಂತ ಮೂಗಿನ ಹತ್ತಿರ ನೂಲೆಳೆ ಹಿಡಿದು ನೋಡುತ್ತ ಕೂತಳು. ಮೂಲೆಮನೆಯ ಕನ್ನಡಿಯಲ್ಲಿ ಯಾರು ಇಣುಕಿದರೂ ಹಣೆಯ ಕುಂಕುಮ ಕಾಣಿಸಲಿಲ್ಲ. ಚಿಕ್ಕತಾಯಮ್ಮನ ಮನೆಯಲ್ಲಿ ಹಾಲು ಹೆಪ್ಪುಗಟ್ಟುವುದೇ ನಿಂತಿತು. ಅದು ಅವಳ ಅತ್ತೆ ಕೊಟ್ಟ ಹೆಪ್ಪು. ನಲವತ್ತು ವರ್ಷ ಒಂದು ದಿನವೂ ತಪ್ಪದೆ ಮೊಸರಾಗಿತ್ತು. ಚಿಕ್ಕತಾಯಮ್ಮ ಗಡಿಗೆಯ ಮುಂದೆ ಕೂತು ಗಳಗಳ ಅತ್ತಳು.

"ಇದು ದೃಷ್ಟಿ," ಅಂದಳು ಸೊಲ್ಲಮ್ಮ. "ಯಾರದೋ ಕೆಟ್ಟಕಣ್ಣು ಬಿದ್ದಿದೆ."

ಸರಿ, ಮನೆಮನೆಯಲ್ಲೂ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಿಮಗೆ ಗೊತ್ತಿರುವುದೇ. ಘಾಟು ಬಂದು ಕೆಮ್ಮು ಹತ್ತಿದರೆ ದೃಷ್ಟಿಯಿಲ್ಲ, ಘಾಟು ಬರದಿದ್ದರೆ ದೃಷ್ಟಿಯಾಗಿದೆ ಅಂತಲೇ ಲೆಕ್ಕ. ಒಂದು ಮನೆಯಲ್ಲೂ ಘಾಟು ಬರಲಿಲ್ಲ! ಬೊಗಸೆ ಹಾಕಿದರೂ ಇಲ್ಲ, ಮೊರದಷ್ಟು ಸುರಿದರೂ ಇಲ್ಲ. ಇಷ್ಟೊಂದು ಮನೆಯ ಮೇಲೆ ಒಂದೇ ಸಲ ಬೀಳುವ ಕಣ್ಣು ಎಷ್ಟು ದೊಡ್ಡದಿರಬೇಕು? ಎಲ್ಲರೂ ತಿರುಗಿ ಪುಟ್ಟೀರಿಯನ್ನು ನೋಡಿದರು. ತಾವರೆ ಎಸಳು ಅಂದಿದ್ದ ಬಾಯಿಗಳೇ ಈಗ ಗೂಬೆಕಣ್ಣು ಅಂದವು.

ದೂರು ದೊರೆಯ ಬಳಿಗೆ ಹೋಯಿತು. ದೊರೆ ಗಿಣಿಬೀದಿಗೇ ಬಂದು, ಅತ್ತಿತ್ತ ನೋಡಿ, ತಲೆ ಕೆರೆದುಕೊಂಡು ಅಪ್ಪಣೆ ಮಾಡಿದ: "ಮೂರು ದಿನ ಕೊಟ್ಟೆ. ಕಳೆದದ್ದೆಲ್ಲ ಮರಳಿ ಬಂದರೆ ಸರಿ. ಇಲ್ಲದಿದ್ದರೆ ಈ ಹುಡುಗಿ ಹೊಳೆಯಾಚೆ ಹೋಗಬೇಕು. ಮತ್ತೆ ಈ ಮನೆ ಇಲ್ಲ, ಈ ಗಂಡ ಇಲ್ಲ."

ಪುಟ್ಟೀರಿ ಅತ್ತೆಯ ಮುಖ ನೋಡಿದಳು. ಚಿಕ್ಕತಾಯಮ್ಮ ನೆಲ ನೋಡಿದಳು. ಅಯ್ಯೋ, ನಿಜವಾಗಿ ನನ್ನ ಕಣ್ಣೇ ಇರಬಹುದೇನೋ ಅಂತ ಪುಟ್ಟೀರಿಗೇ ಅನುಮಾನ ಹುಟ್ಟಿತು. ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು, ಯಾರನ್ನೂ ನೋಡದೆ ನಡೆದಳು.

ಹಾಗೆ ತಲೆ ತಗ್ಗಿಸಿ ಹೋಗುತ್ತಿದ್ದಾಗ ತಿಪ್ಪಕ್ಕನ ಮನೆಯ ಮುಂದೆ ಅವಳಿಗೆ ಸೀನು ಬಂತು. ಆಕ್ಷೀ! ಒಂದಲ್ಲ, ಮೂರು.

ತಿಪ್ಪಕ್ಕ ಅಂದರೆ ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣಿ. ದೃಷ್ಟಿ ತೆಗೆಯುವುದಕ್ಕೂ ಅವಳೊಬ್ಬಳು ಮೆಣಸಿನಕಾಯಿ ಸುಟ್ಟಿರಲಿಲ್ಲ. ಅವಳ ಮನೆಗೆ ಹೋದರೆ ಕುಡಿಯಲು ನೀರೂ ಸಿಗುವುದಿಲ್ಲವಾದ್ದರಿಂದ ಯಾರೂ ಹೋಗುತ್ತಿರಲಿಲ್ಲ. ಅವಳು ಒಳಗೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು.

"ತಿಪ್ಪಕ್ಕ, ನಿಮ್ಮನೇಲಿ ಘಾಟು ಬರ್ತಿದೆ!"

"ಬರದೆ ಏನು? ಮೆಣಸಿನಕಾಯಿ ಅಲ್ವಾ?"

"ಸವಿಯಪ್ಪಜ್ಜ ನಿಮಗೆ ಪಾಯಸ ಕೊಡಲಿಲ್ವಾ?"

"ಕೊಟ್ಟ, ತಿಂದೆ. ಬಟ್ಟಲು ತೊಳೆದು ವಾಪಸ್ಸು ಕೊಟ್ಟೆ."

"ಸಕ್ಕರೆ ಹಾಕಿ?"

ತಿಪ್ಪಕ್ಕ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಯಾರಿಗೂ ಹೇಳಬೇಡ ಕಣೇ, ಖಾಲೀನೇ ಕೊಟ್ಟೆ. ಮಾರನೇ ದಿನದಿಂದ ಅವನು ಈ ಕಡೆ ತಲೇನೇ ಹಾಕಲಿಲ್ಲ."

ಪುಟ್ಟೀರಿಗೆ ಗುಟ್ಟು ಹೊಳೆಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಗಡ್ಡವೂ ಅಲ್ಲ. ಅವಳು ನೇರ ಸವಿಯಪ್ಪನ ಮನೆಗೆ ನಡೆದಳು. ಬಾಗಿಲು ತೆರೆದೇ ಇತ್ತು. ಯಾರ ಮನೆಗೆ ಹೋದರೂ ಹೊಸಿಲನ್ನು ತುಳಿಯದೆ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವಳ ತಾಯಿ ಕಲಿಸಿದ ರೂಢಿ. ಅವಳು ಬಗ್ಗಿ ಹೊಸಿಲನ್ನು ಮುಟ್ಟಿದಳು. ಹೊಸಿಲು ಕಣ್ಣು ಬಿಟ್ಟಿತು. ಅದು ಹೊಸಿಲಲ್ಲ, ಅಡ್ಡಲಾಗಿ ಮಲಗಿದ್ದ ಮೊಸಳೆ.

"ಹೆದರಬೇಡ ಮಗಳೇ," ಅಂದಿತು ಮೊಸಳೆ. "ಇವನು ಹೋದ ಮನೆಗೆಲ್ಲ ನಾನೇ ಹೊಸಿಲು. ನೂರು ವರ್ಷದಿಂದ ಎಲ್ಲರೂ ನನ್ನ ದಾಟಿದರು. ಮುಟ್ಟಿ ನಮಸ್ಕಾರ ಮಾಡಿದವಳು ನೀನೊಬ್ಬಳೇ. ಅದಕ್ಕೆ ಹೇಳ್ತೀನಿ, ಕೇಳು. ಇವನು ಮಾಂತ್ರಿಕ. ಒಂದು ಚಿಟಿಕೆ ಸಕ್ಕರೆಯ ಜೊತೆ ಆ ಮನೆಯ ಒಂದು ವಸ್ತುವನ್ನ ಎಳೆದು ಭರಣಿಗೆ ತುಂಬ್ತಾನೆ. ಮೊದಲ ದಿನವೇ ಎಲ್ಲರ ಮನೆಯ ಮೆಣಸಿನಕಾಯಿ ಘಾಟು ಎಳೆದ."

"ಘಾಟು ಯಾಕೆ?"

"ನೀವು ಒಬ್ಬರ ಮೇಲೊಬ್ಬರು ಅನುಮಾನ ಪಡಲಿ ಅಂತ. ಹಾಗಾದರೆ ಯಾರೂ ಅವನ ಕಡೆ ನೋಡಲ್ಲ. ದೊರೆ ಕೊಟ್ಟ ಗಡುವಿನ ಮೂರನೇ ದಿನವೇ ಹುಣ್ಣಿಮೆ. ಅಂದು ಎಲ್ಲ ಚಿಟಿಕೆ ಸೇರಿಸಿ ಮಂತ್ರ ಹಾಕಿದರೆ ಬೀದಿಯವರೆಲ್ಲ ಇವನ ಮನೆಯ ಕಂಬ, ಬಾಗಿಲು, ಮಣೆ ಆಗ್ತಾರೆ. ಆದರೆ ಒಂದು ಗುಟ್ಟಿದೆ. ಪಾತ್ರೆ ಖಾಲಿ ಮರಳಬಾರದು ಅನ್ನೋ ನಿಯಮದ ಮೇಲೆ ನಿಂತ ವಿದ್ಯೆ ಇದು. ಅದು ಅವನನ್ನೂ ಕಟ್ಟಿದೆ, ಅವನೂ ಯಾರ ಪಾತ್ರೆಯನ್ನೂ ಖಾಲಿ ಕೊಡೋ ಹಾಗಿಲ್ಲ."

ಪುಟ್ಟೀರಿ ಓಡಿಬಂದು ಬೀದಿಯವರಿಗೆ ಹೇಳಿದಳು. ಯಾರು ನಂಬುತ್ತಾರೆ? "ಪಾಯಸ ಕೊಟ್ಟ ಕೈಯನ್ನೇ ದೂರ್ತೀಯಾ? ನಾಲಿಗೇಲೂ ವಿಷ ಇದೆ ನಿನಗೆ," ಅಂದಳು ಸೊಲ್ಲಮ್ಮ.

ಮೊದಲ ದಿನ ಪುಟ್ಟೀರಿ ಒಂದು ಬಟ್ಟಲು ಹುಗ್ಗಿ ಮಾಡಿ ಸವಿಯಪ್ಪನಿಗೆ ಕೊಟ್ಟು, ಅಲ್ಲೇ ನಿಂತಳು. "ಅಜ್ಜ, ಬಟ್ಟಲು ಕೊಡಿ." ಮುದುಕನ ಮುಖ ಹುಳ್ಳಗಾಯಿತು. ಒಳಗೆ ಹೋಗಿ ಭರಣಿಗಳನ್ನೆಲ್ಲ ತಡಕಿ, ಎಲ್ಲಕ್ಕಿಂತ ಕೆಲಸಕ್ಕೆ ಬಾರದ ಒಂದು ಚಿಟಿಕೆ ಹಾಕಿ ಕೊಟ್ಟ. ಅವಳು ಬೀದಿಗೆ ಬರುತ್ತಿದ್ದಂತೆ ಬಟ್ಟಲಿನಿಂದ ಗೊರ್ರ್ ಅಂತ ಎದ್ದು ಹಾರಿದ್ದು ಬೋರಜ್ಜನ ಗೊರಕೆ! ನೆಟ್ಟಗೆ ಹೋಗಿ ಅವನ ಮೂಗು ಸೇರಿತು.

"ನೋಡಿದಿರಾ?" ಸೊಲ್ಲಮ್ಮ ಬೀದಿಗೆ ಬೀದಿಯನ್ನೇ ಕೂಗಿದಳು. "ಅವಳ ಬಟ್ಟಲಿಂದ ಬಂತು! ನಮ್ಮನೆ ಗೊರಕೆ ಇವಳ ಹತ್ರ ಇತ್ತು!"

ಎರಡನೇ ದಿನ ಪುಟ್ಟೀರಿ ಸ್ನಾನದ ಹಂಡೆಯನ್ನೇ ಹುಣಸೆಹಣ್ಣು ಹಾಕಿ ಉಜ್ಜಿ, ಅದರ ತುಂಬ ಚಿತ್ರಾನ್ನ ಮಾಡಿ ಎಳೆದುಕೊಂಡು ಹೋದಳು. ದೊಡ್ಡ ಪಾತ್ರೆಗೆ ದೊಡ್ಡದಾಗಿ ಕೊಡಬೇಕಾಗುತ್ತದೆ ಅಂತ ಅವಳ ಲೆಕ್ಕ. ಸವಿಯಪ್ಪ ಕಿಸಕ್ಕನೆ ನಕ್ಕ. "ಪಾತ್ರೆ ಎಷ್ಟಾದರೇನವ್ವ, ಶಾಸ್ತ್ರಕ್ಕೆ ಒಂದು ಚಿಟಿಕೆ ಸಾಕಲ್ಲ!" ಅಂತ ಹಂಡೆಯ ತಳಕ್ಕೆ ಚಿಟಿಕೆ ಉದುರಿಸಿದ. ದಾರಿಯಲ್ಲಿ ಹಂಡೆ ಚಟಪಟ ಅಂದಿತು. ಸೊಲ್ಲಮ್ಮನ ಸಾಸಿವೆ ಸದ್ದು ಮನೆಗೆ ಓಡಿತು. ಬೀದಿಯವರಿಗೆ ಇನ್ನು ಸಂಶಯವೇ ಉಳಿಯಲಿಲ್ಲ. ಕದ್ದವಳು ಹೆದರಿ ಒಂದೊಂದೇ ಬಿಡುತ್ತಿದ್ದಾಳೆ ಅಂದರು.

ಮೊಸಳೆ ಮಾತ್ರ ಅಂದು ಅವಳು ಹೊರಡುವಾಗ ಮೆಲ್ಲಗೆ ಹೇಳಿತ್ತು. "ಆ ಮನೇಲಿ ಅವನದು ಅನ್ನೋದು ಒಂದು ಕಡ್ಡೀನೂ ಇಲ್ಲ ಮಗಳೇ. ಇರೋದೆಲ್ಲ ಭರಣಿ, ಬಟ್ಟಲು, ಅದರೊಳಗೆ ಪುಡಿ."

ಪುಟ್ಟೀರಿ ಹಿತ್ತಲಲ್ಲಿ ಕೂತು, ಹೇಗೂ ನಾಳೆ ಹೋಗುವವಳು, ಹಿಡಿದ ಕೆಲಸ ಮುಗಿಸಿಯೇ ಹೋಗೋಣ ಅಂತ ಅರ್ಧ ಹೆಣೆದಿದ್ದ ಜರಡಿಯನ್ನು ಕೈಗೆತ್ತಿಕೊಂಡಳು. ಕಣ್ಣೀರು ತೊಟ್ಟಿಕ್ಕಿ ಜರಡಿಯ ಮೇಲೆ ಬಿತ್ತು. ಬಿದ್ದದ್ದು ನಿಲ್ಲದೆ ಕೆಳಗಿಳಿಯಿತು. ಅವಳು ಅಳು ನಿಲ್ಲಿಸಿ ಜರಡಿಯನ್ನೇ ನೋಡಿದಳು.

"ಅತ್ತೆ, ನನಗೆ ಚಕ್ಕುಲಿ ಮಾಡಬೇಕು," ಅಂದಳು.

ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಎರಡು ದಿನದಿಂದ ಸೊಸೆಯ ಜೊತೆ ಮಾತಾಡಿರಲಿಲ್ಲ. "ಎರಡು ದಿನದಿಂದ ಯೋಚನೆ ಮಾಡ್ತಿದ್ದೀನಿ ಕಣೇ," ಅಂದಳು. "ಕದ್ದವಳು ಊರೆಲ್ಲ ನೋಡೋ ಹಾಗೆ ವಾಪಸ್ಸು ಯಾಕೆ ತರ್ತಾಳೆ? ಅವತ್ತೇ ಬಾಯಿ ಬಿಡಬೇಕಿತ್ತು ನಾನು. ಬಿಡಲಿಲ್ಲ. ಏಳು, ಹಿಟ್ಟು ನಾನು ಕಲಸ್ತೀನಿ, ನೀನು ಒತ್ತು."

ಮೂರನೇ ದಿನ ಬೆಳಿಗ್ಗೆ ದೊರೆ ಬೀದಿಗೆ ಬಂದು ನಿಂತ. ಹೊಳೆ ದಾಟಿಸಲು ಹರಿಗೋಲೂ ಸಿದ್ಧವಾಗಿತ್ತು. ಪುಟ್ಟೀರಿ ಹೊಸ ಜರಡಿಯ ತುಂಬ ಗರಿಗರಿ ಚಕ್ಕುಲಿ ಇಟ್ಟುಕೊಂಡು ಸವಿಯಪ್ಪನ ಬಾಗಿಲಿಗೆ ನಡೆದಳು. ಬೀದಿಯೆಲ್ಲ ಹಿಂದೆ ಬಂತು. ಮುದುಕನಿಗೆ ಚಕ್ಕುಲಿ ಅಂದರೆ ಪ್ರಾಣ. ಎಲ್ಲರೆದುರು ಕಟುಂ ಕಟುಂ ಅಂತ ಒಂದೂ ಬಿಡದೆ ತಿಂದು ತೇಗಿದ.

"ಅಜ್ಜ, ನನ್ನ ಜರಡಿ ಕೊಡಿ," ಅಂದಳು ಪುಟ್ಟೀರಿ.

ಸವಿಯಪ್ಪ ಒಂದು ಚಿಟಿಕೆ ತಂದು ಜರಡಿಗೆ ಹಾಕಿದ. ಚಿಟಿಕೆ ಸುರ್ರನೆ ಕೆಳಗಿಳಿಯಿತು. ಜರಡಿ ಖಾಲಿ. ಇನ್ನೊಂದು ಹಾಕಿದ. ಅದೂ ಇಳಿಯಿತು. ಮುಷ್ಟಿ ಹಾಕಿದ, ಬೊಗಸೆ ಹಾಕಿದ, ತಿಂದ ಚಕ್ಕುಲಿಯ ಪುಡಿ ಗಡ್ಡದಿಂದ ಕೊಡವಿ ಹಾಕಿದ. ಒಂದೂ ನಿಲ್ಲಲಿಲ್ಲ. ಮೈಯೆಲ್ಲ ಬೆವೆತು ಒಂದು ಭರಣಿಯನ್ನೇ ಎತ್ತಿ ಜರಡಿಯಲ್ಲಿಟ್ಟ.

"ಪಾತ್ರೆಯಲ್ಲಿ ಪಾತ್ರೆ ಇಟ್ಟರೆ ತುಂಬಿದ ಲೆಕ್ಕವಲ್ಲ, ಪಾತ್ರೆ ಎರಡಾಯ್ತು, ಅಷ್ಟೇ!" ಅಂತ ನಕ್ಕಿತು ಕಾಲಕೆಳಗಿನ ಮೊಸಳೆ.

ಮುದುಕ ಹುಚ್ಚುಹಿಡಿದವನ ಹಾಗೆ ಇದ್ದಬದ್ದ ಭರಣಿಗಳನ್ನೆಲ್ಲ ತಂದು ಸುರಿದ. ಕುಂಕುಮದ ಬಣ್ಣ ಇಳಿದು ಮೂಲೆಮನೆಯ ಕನ್ನಡಿಗೆ ಹಾರಿತು. ಹೆಪ್ಪಿನ ಹುಳಿ ಇಳಿದು ಚಿಕ್ಕತಾಯಮ್ಮನ ಗಡಿಗೆ ಸೇರಿತು. ಕೊನೆಯ ಭರಣಿ ಎಲ್ಲಕ್ಕಿಂತ ದೊಡ್ಡದು. ಅದನ್ನೂ ಸುರಿದ. ಇಡೀ ಬೀದಿಯ ಮೆಣಸಿನಕಾಯಿ ಘಾಟು ಒಟ್ಟಿಗೇ ಇಳಿಯಿತು!

ಆಕ್ಷೀ! ಸೊಲ್ಲಮ್ಮ ಸೀನಿದಳು, ಬೋರಜ್ಜ ಸೀನಿದ, ಮುನ್ನೂರು ಮೂಗು ಸೀನಿದವು. ದೊರೆ ಸೀನಿದ ರಭಸಕ್ಕೆ ಅವನ ಪೇಟ ಹೋಗಿ ಚರಂಡಿಗೆ ಬಿತ್ತು. ಸೀನುತ್ತಲೇ ಎಲ್ಲರಿಗೂ ಅರ್ಥವಾಯಿತು. ಸವಿಯಪ್ಪನ ಕೈಯಿಂದ ಖಾಲಿ ಜರಡಿ ಪುಟ್ಟೀರಿಯ ಕೈಗೆ ಮರಳಿತು. ನಿಯಮ ಮುರಿಯಿತು, ವಿದ್ಯೆ ಮುರಿಯಿತು. ಮುದುಕ ಗಡ್ಡದಿಂದ ಕಾಲಿನವರೆಗೆ ಪುಡಿಪುಡಿಯಾಗಿ ಒಂದು ಚಿಟಿಕೆಯಾದ. ಮುಂದಿನ ಸೀನಿಗೆ ಅದೂ ಹಾರಿಹೋಯಿತು.

ಬಾಗಿಲಲ್ಲಿ ಮೊಸಳೆ ಮೈಮುರಿದು ಎದ್ದಿತು. ನೋಡಿದರೆ ಅದೊಬ್ಬ ಹೆಂಗಸು, ಪುಟ್ಟೀರಿಯ ವಯಸ್ಸಿನವಳು. "ನಾನೂ ಇದೇ ಬೀದಿಯ ಸೊಸೆ," ಅಂದಳು. "ನೂರು ವರ್ಷದ ಹಿಂದೆ ಕಣ್ಣು ಕೆಟ್ಟದ್ದು ಅಂತ ನನ್ನನ್ನ ಹೊಳೆಯಾಚೆ ಕಳಿಸಿದಿರಿ. ಹೊಳೆಯಲ್ಲಿ ಕಾದಿದ್ದ ಈ ಸವಿಯಪ್ಪ ನನ್ನನ್ನ ಮೊಸಳೆ ಮಾಡಿದ." ತಿಪ್ಪಕ್ಕ ಮುಂದೆ ಬಂದು, "ನಮ್ಮನೇಲಿ ಇರು ಬಾರೆ, ಊಟ ಹಾಕ್ತೀನಿ," ಅಂದಳು. ಆ ದಿನದ ವಿಚಿತ್ರಗಳಲ್ಲಿ ಅದೇ ದೊಡ್ಡದು ಅಂತ ಬೀದಿಯವರು ಇವತ್ತಿಗೂ ಹೇಳುತ್ತಾರೆ.

ಆಗ ಚಿಕ್ಕತಾಯಮ್ಮ ಒಳಗಿನಿಂದ ಒಂದು ಹಿಡಿ ಒಣಮೆಣಸಿನಕಾಯಿ ತಂದಳು. ಬೀದಿಯ ನಡುವೆ ಪುಟ್ಟೀರಿಯನ್ನು ನಿಲ್ಲಿಸಿ, ಅವಳ ಕಣ್ಣಿನ ಮೇಲಿದ್ದ ಸೆರಗನ್ನು ತನ್ನ ಕೈಯಾರೆ ಹಿಂದಕ್ಕೆ ಸರಿಸಿದಳು. ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಬೀದಿಗೆ ಘಾಟು ಮರಳಿ ಬಂದಿತ್ತು. ಆದರೆ ಕೆಂಡದ ಮೇಲಿನ ಆ ಮೆಣಸಿನಕಾಯಿ ಸುಟ್ಟು ಕರಕಾಯಿತು, ಎಳ್ಳಷ್ಟೂ ಘಾಟು ಬರಲಿಲ್ಲ.

"ನೋಡಿದಿರಾ?" ಅಂದಳು ಚಿಕ್ಕತಾಯಮ್ಮ. "ಕಣ್ಣು ಬಿದ್ದದ್ದು ನಿಜ. ನಮ್ಮೆಲ್ಲರ ಕಣ್ಣು ಈ ಮಗುವಿನ ಮೇಲೆ ಬಿದ್ದಿತ್ತು. ನನ್ನದೂ ಸೇರಿ."

ಬೀದಿಗೆ ಬೀದಿಯೇ ತಲೆ ತಗ್ಗಿಸಿತು. ಸೊಲ್ಲಮ್ಮ ಪುಟ್ಟೀರಿಯ ಕೈ ಹಿಡಿದು ಅತ್ತಳು. ದೊರೆ ಪೇಟವಿಲ್ಲದ ತಲೆ ಬಾಗಿಸಿ, ಹರಿಗೋಲನ್ನು ಒಡೆದು ಸೌದೆ ಮಾಡಿಸಿದ. ಸಂಜೆಗೆ ಮಲ್ಲ ಬಿದಿರು ಹೊತ್ತು ಬಂದಾಗ ಮನೆಯಲ್ಲಿ ಗಡಿಗೆ ತುಂಬ ಗಟ್ಟಿ ಮೊಸರಿತ್ತು. ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಕಲಸಿಕೊಂಡು ತಿನ್ನುತ್ತಿದ್ದರು.

ಅಂದಿನಿಂದ ಗಿಣಿಬೀದಿಯಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ ಬೀದಿಯವರು ಒಂದು ಜರಡಿಯಲ್ಲಿ ಚಕ್ಕುಲಿ ಇಟ್ಟು ಕಳಿಸುತ್ತಾರೆ. ಆ ಜರಡಿಯನ್ನು ಮಾತ್ರ ಖಾಲಿ ಹಿಂದಿರುಗಿಸಬೇಕು, ಅದೇ ಶಾಸ್ತ್ರ. ಅವರೆಲ್ಲ ಉಂಡುಟ್ಟು, ಜಗಳವಾಡಿ, ಗೊರಕೆ ಹೊಡೆದು, ನಡುನಡುವೆ ಸೀನುತ್ತ ಬಹುಕಾಲ ಸುಖವಾಗಿದ್ದರು.