ಸಂದೋಮ್ಯೆಶ್ ಚೌಕದಲ್ಲಿ ಒಬ್ಬಳೇ

ಸೌಂದರ್ಯಾಳ ಪಾಸ್‌ಪೋರ್ಟು ಗಂಡನ ಚೀಲದಲ್ಲಿತ್ತು. ಗಂಡ ಎಲ್ಲಿಯೂ ಕಾಣುತ್ತಿರಲಿಲ್ಲ.

ಇಲ್ಲೇ ಕುಳಿತಿರು, ಈಗ ಬಂದೆ ಎಂದು ಹೇಳಿ ಫಕೀರೇಶ ಹೋಗಿ ಬಹಳ ಹೊತ್ತಾಗಿತ್ತು. ಪೋಲೆಂಡಿನ ಸಂದೋಮ್ಯೆಶ್ ಎಂಬ ಹಳೇ ಊರಿನ ಚೌಕ ಅದು. ನಡುವೆ ಕೆಂಪು ಇಟ್ಟಿಗೆಯ ಪುರಭವನ, ಸುತ್ತ ಬಣ್ಣಬಣ್ಣದ ಮನೆಗಳು. ಪ್ರವಾಸಿಗರು ನಗುತ್ತ ಫೋಟೊ ತೆಗೆಯುತ್ತಿದ್ದರು. ಅವರಾಡುವ ಒಂದು ಮಾತೂ ಅವಳಿಗೆ ತಿಳಿಯದು. ಅವಳ ಫೋನಿಗೆ ಇಲ್ಲಿಯ ಸಿಮ್ ಕೂಡ ಇರಲಿಲ್ಲ.

ಬಿಟ್ಟೇ ಹೋಗಿದ್ದರೆ...?

ಅವಳು ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಶಿರಹಟ್ಟಿಯ ಫಕೀರೇಶ ಮದುವೆಯಾದ ತಿಂಗಳಿಗೇ ಪೋಲೆಂಡಿಗೆ, ಸೇಬಿನ ಗೋದಾಮಿನ ಕೆಲಸಕ್ಕೆ ಮರಳಿದ್ದ. ವೀಸಾ ಸಿಕ್ಕು ಅವಳು ಬಂದಿಳಿದದ್ದು ಮೊನ್ನೆ. ಮನೆಗೆ ಕರೆದೊಯ್ಯದೆ, ಊರು ತೋರಿಸುತ್ತೇನೆಂದು ನೇರ ಇಲ್ಲಿಯ ಲಾಡ್ಜಿಗೆ ಕರೆತಂದಿದ್ದ. ಮನೆಗೆ ಯಾವಾಗ ಎಂದು ಕೇಳಿದರೆ ನೋಡೋಣ ಎನ್ನುತ್ತಿದ್ದ. ಫೋನ್ ಬಂದರೆ ದೂರ ಹೋಗಿ ಮಾತಾಡುತ್ತಿದ್ದ.

ಹೊರಡುವ ಮುಂಚೆ ಸೋದರತ್ತೆ ತಿಪ್ಪವ್ವ ಎಚ್ಚರಿಸಿದ್ದಳು. ಮುಳಗುಂದದ ಕಡೆಯ ಹುಡುಗಿಯೊಬ್ಬಳನ್ನು ಗಂಡ ಪರದೇಶಕ್ಕೆ ಕರೆದೊಯ್ದು ಕೈಬಿಟ್ಟನಂತೆ. ಅವನಿಗೆ ಅಲ್ಲಿ ಮೊದಲೇ ಇನ್ನೊಬ್ಬಳಿದ್ದಳಂತೆ...

ಬೆಳಿಗ್ಗೆ ಇಬ್ಬರೂ ಈ ಚೌಕದ ಅಡಿಯ ನೆಲಮಾಳಿಗೆಗಳನ್ನು ನೋಡಿದ್ದರು. ಹಿಂದೆ ಒಬ್ಬ ಹುಡುಗಿ ಶತ್ರುಗಳನ್ನು ಸುರಂಗಕ್ಕೆ ಕರೆತಂದು, ಊರವರು ಅದರ ಬಾಯಿ ಮುಚ್ಚಿದಾಗ ಅವರೊಂದಿಗೆ ತಾನೂ ಒಳಗೇ ಸತ್ತಳೆಂದು ಗೈಡ್ ಹೇಳಿದ್ದನ್ನು ಫಕೀರೇಶ ಕನ್ನಡದಲ್ಲಿ ತಿಳಿಸಿದ್ದ. ಆ ತಣ್ಣನೆಯ ಗೋಡೆ ಇನ್ನೂ ಬೆನ್ನಿಗೆ ತಾಗಿದಂತಿತ್ತು.

ಚರ್ಚಿನ ಗಂಟೆ ಹೊಡೆಯಿತು. ಸೌಂದರ್ಯಾ ಎದ್ದಳು. ಕಲ್ಲು ಹಾಸಿದ ಓಣಿ ಹಿಡಿದು ಊರಿನ ಹಳೇ ಕೋಟೆ ಬಾಗಿಲಿನವರೆಗೆ ಬಂದಳು.

ಕಮಾನಿನ ಆಚೆ ಗಂಡನ ದನಿ. ಫೋನಿನಲ್ಲಿ ಗೆಳೆಯ ಮಾಶಾಕನೊಂದಿಗೆ ಮಾತಾಡುತ್ತಿದ್ದ.

"ಆಕಿಗೆ ಇನ್ನೂ ಹೇಳಿಲ್ಲೋ ಮಾಶಾಕ. ಗೊತ್ತಾದ್ರ ಊರಿಗೆ ಹೊಳ್ಳಿ ಹೊಕ್ಕಾಳ."

ಅವಳು ಕಮಾನು ದಾಟಿ ಅವನ ಹಿಂದೆ ನಿಂತಳು. ಅತ್ತಿ ಹೇಳಿದ್ದು ಖರೆ...

"ನನ್ನ ಪಾಸ್‌ಪೋರ್ಟ್ ಕೊಡ್ರಿ."

ಫಕೀರೇಶ ಬೆಚ್ಚಿ ತಿರುಗಿದ. ಮುಖ ಬಿಳಿಚಿಕೊಂಡಿತು. ಯಾಕೆಂದೂ ಕೇಳದೆ ಚೀಲ ತೆರೆದು ಕೊಟ್ಟ.

"ಯಾರಾಕಿ?" ಪಾಸ್‌ಪೋರ್ಟನ್ನು ಗಟ್ಟಿಯಾಗಿ ಹಿಡಿದು ಕೇಳಿದಳು.

"ಯಾರು?"

"ನನಗ ಹೇಳದ ಮುಚ್ಚಿಟ್ಟಾಕಿ."

ಅವನು ಅವಳನ್ನೇ ನೋಡಿದ. "ಯಾರೂ ಇಲ್ಲ ಸೌಂದರ್ಯಾ. ಮನಿ ಇಲ್ಲ."

ಆಮೇಲೆ ಎಲ್ಲ ಹೇಳಿದ. ಗೋದಾಮಿನ ಹಿಂದಿನ ಒಂದೇ ಕೋಣೆಯಲ್ಲಿ ಅವನು, ಮಾಶಾಕ ಮತ್ತು ಇನ್ನೂ ನಾಲ್ವರು ಇದ್ದರು. ಹೆಂಡತಿ ಬಂದರೆ ಬೇರೆ ಕೋಣೆ ಕೊಡುತ್ತೇನೆಂದ ಮಾಲೀಕ, ಅವಳು ವಿಮಾನ ಹತ್ತುವ ಹೊತ್ತಿಗೆ ಇಲ್ಲವೆಂದಿದ್ದ. ಆವತ್ತಿನಿಂದ ಮಾಶಾಕ ಅಲ್ಲಿ, ಇವನು ಇಲ್ಲಿ, ಫೋನಿನಲ್ಲೇ ಬಾಡಿಗೆ ಮನೆ ಹುಡುಕುತ್ತಿದ್ದರು. ಇವತ್ತೂ ಒಬ್ಬರು ಒಲ್ಲೆ ಅಂದಿದ್ದರು.

ಸೌಂದರ್ಯಾ ಗೋಡೆಗೆ ಒರಗಿ ಕುಸಿದು ಕುಳಿತಳು. ಇಷ್ಟೊತ್ತು ತಡೆದಿದ್ದ ಅಳು ಉಕ್ಕಿ ಬಂತು.

"ನೀವು ನನ್ನ ಇಲ್ಲೇ ಬಿಟ್ಟು ಹೋದ್ರಿ ಅಂತ ತಿಳದಿದ್ದೆ."

ಫಕೀರೇಶ ಅವಳೆದುರು ಕುಕ್ಕರಗಾಲಲ್ಲಿ ಕುಳಿತ. "ನೀನ ಬಿಟ್ಟು ಹೊಕ್ಕಿ ಅಂತ ನಾ ಹೆದರಿದ್ದೆ. ನೀ ಅಂದ್ರ ನನಗ ಭಾಳ ಜೀವ. ಹೇಳಾಕ ಬರಂಗಿಲ್ಲ, ಅಷ್ಟ..."

ಅವನ ಕಣ್ಣೂ ತುಂಬಿದ್ದವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೆಟಗೇರ್ಯಾಗ ನಾವು ಒಂದ ಖೋಲ್ಯಾಗ ಏಳ ಮಂದಿ. ಮಗ್ಗಾನೂ ನಮ್ಮ ಕೂಡನ ಇತ್ತು. ಮನಿ ಇಲ್ಲಂತ ಬಿಟ್ಟು ಹೋಗಾಕಿ ಅಲ್ಲ ನಾ. ಏನೂ ಮುಚ್ಚಿಡಬ್ಯಾಡ್ರಿ, ಅಷ್ಟ ಸಾಕು."

ಇನ್ನು ಮುಚ್ಚಿಡುವುದಿಲ್ಲವೆಂದು ಅವನು ಮಾತು ಕೊಟ್ಟ. ನಾಳೆಯಿಂದ ಇಬ್ಬರೂ ಕೂಡಿಯೇ ಮನೆ ಹುಡುಕುವುದೆಂದಾಯಿತು.

ಕಮಾನು ದಾಟುವಾಗ ಅವನು ಮೆಲ್ಲಗೆ ಕೇಳಿದ. "ಇನ್ನೂ ಹೆದರಿಕಿ ಐತೇನ?"

"ಐತ್ರಿ."

ಶಿರಹಟ್ಟಿಯ ಬೀದಿಯಲ್ಲಿ ಎಂದೂ ಹಿಡಿಯದಿದ್ದ ಅವಳ ಕೈಯನ್ನು ಅವನು ಇಲ್ಲಿ, ಎಲ್ಲರೆದುರು ಹಿಡಿದ.

"ಈಗ?"

"ಈಗೂ ಐತಿ," ಎಂದಳು ಸೌಂದರ್ಯಾ. "ಬಿಡಬ್ಯಾಡ್ರಿ."